ಗುಂಡಮ್ಮನ ಬಲಮಗ್ಗುಲು

ಲಾಯದ ಬೀದಿ, ಅದೇ ಮನೆ
ಏಪ್ರಿಲ್ ೩, ಗುರುವಾರ

ಪ್ರೀತಿಯ ಮೊಂಡಿಗೆ,

ನಿನ್ನ ಅಕ್ಕನ ಆಶೀರ್ವಾದಗಳು. ಇಲ್ಲಿ ಎಲ್ಲ ಕ್ಷೇಮ ಎಂದು ಬರೆಯಬೇಕಲ್ಲ, ಬರೆದಿದ್ದೇನೆ. ಈ ಕಾಗದ ಹಬ್ಬ ಮುಗಿದ ವಾರದಲ್ಲೇ ನಿನ್ನ ಕೈ ಸೇರಬೇಕಿತ್ತು. ಬರೆಯಲು ಕೂತಾಗಲೆಲ್ಲ ಮೊದಲ ಸಾಲಿನಲ್ಲೇ ಬೈಗುಳ ಬಂದುಬಿಡುತ್ತಿತ್ತು. ಹರಿದು ಒಲೆಗೆ ಹಾಕುತ್ತಿದ್ದೆ. ಹಾಗಾಗಿ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಈ ಸಲ ಬೈಗುಳವನ್ನು ಸ್ವಲ್ಪ ಕೆಳಕ್ಕೆ ತಳ್ಳಿದ್ದೇನೆ. ಓದುತ್ತಾ ಹೋಗು, ಸಿಗುತ್ತದೆ.

ನನ್ನ ಮಂಡಿನೋವು ಹಾಗೇ ಇದೆ. ಡಾಕ್ಟರು ಮೆಟ್ಟಿಲು ಹತ್ತಬೇಡಿ ಅಂದರು. ನಮ್ಮ ಮನೆಗೆ ಮೆಟ್ಟಿಲೇ ಇಲ್ಲವಲ್ಲ ಅಂದೆ. ಹಾಗಾದರೆ ಆನೆ ಹತ್ತಬೇಡಿ ಅಂದು ತಾವೇ ನಕ್ಕರು. ನಾನು ಆನೆ ಹತ್ತುವವಳಲ್ಲ ಸ್ವಾಮಿ, ಆನೆಯ ಪಕ್ಕ ಸ್ಟೂಲು ಹಾಕಿಕೊಂಡು ಅದನ್ನು ಹತ್ತುವವಳು ಎಂದು ಬಿಡಿಸಿ ಹೇಳುವಷ್ಟು ತಾಳ್ಮೆ ನನಗೆ ಇರಲಿಲ್ಲ. ಹಿತ್ತಲಿನ ತಗಡು ಗಾಳಿಗೆ ಹಾರಿಹೋಗಿತ್ತು. ಗೊಣಗಣ್ಣ ಬಂದು ಬೇರೆ ತಗಡು ಹೊಡೆದುಕೊಟ್ಟ. ನಮ್ಮ ಮಾವುತನಿಗೆ ಆ ಹೆಸರಿಟ್ಟವಳು ನೀನೇ, ನೆನಪಿದೆ ತಾನೆ? ಹೆಸರಿಗೆ ಮೋಸ ಮಾಡದ ಹಾಗೆ, ಮೊಳೆ ಹೊಡೆಯುವಷ್ಟು ಹೊತ್ತೂ ಗೊಣಗಿದ. ಕೊನೆಗೆ ಚಹಾ ಕೊಟ್ಟರೆ ಅದಕ್ಕೆ ಸಕ್ಕರೆ ಜಾಸ್ತಿಯಾಯಿತು ಎಂದು ಗೊಣಗಿ ಪೂರ್ತಿ ಕುಡಿದು ಹೋದ.

ಗುಂಡಮ್ಮನಿಗೆ ವಯಸ್ಸಾಗಿದೆ. ನೀನು ಹತ್ತಿರದಿಂದ ನೋಡಿ ಎಷ್ಟು ಕಾಲವಾಯಿತು ಹೇಳು. ಕಪಾಲದ ಗುಳಿಗಳು ಒಳಕ್ಕೆ ಇಳಿದಿವೆ. ಕಿವಿಯ ಅಂಚಿನ ಆ ಗುಲಾಬಿ ಮಚ್ಚೆಗಳು ಈಗ ಸೊಂಡಿಲ ತುಂಬ ಹರಡಿವೆ. ಹಿಂದಿನ ಪಾದದಲ್ಲಿ ಹುಣ್ಣಾಗಿ, ಗಟ್ಟಿ ನೆಲದ ಮೇಲೆ ನಿಲ್ಲಲು ಬೇಸರಪಡುತ್ತಾಳೆ. ಈ ವರ್ಷ ಒಂದು ಮೆರವಣಿಗೆ ಮಾಡಿಸಿ, ಆಮೇಲೆ ಸಾಕು ಎಂದು ಪಶುವೈದ್ಯರು ಬಾಯಿಬಿಟ್ಟೇ ಹೇಳಿದರು. ಅದಕ್ಕೇ ನಾನು ನಿನಗೆ ಆ ಹಿಂದಿನ ಕಾಗದ ಬರೆದದ್ದು. ಆನೆಗಳಿಗೆ ಬಣ್ಣ ಬರೆಯಬಾರದು ಎಂದು ಯಾರೋ ಕೋರ್ಟಿಗೆ ಹೋಗಿ ಹಬ್ಬ ನಿಲ್ಲಿಸಿದ್ದರಲ್ಲ, ಈಗ ಮಣ್ಣಿನ ಬಣ್ಣ ಮಾತ್ರ ಎಂಬ ಷರತ್ತಿನ ಮೇಲೆ ಮತ್ತೆ ಶುರುವಾಗುತ್ತಿದೆ, ಗುಂಡಮ್ಮನ ಕೊನೆಯ ಸಲ, ಬಂದು ನಿನ್ನ ಮಗ್ಗುಲು ಬರೆದು ಹೋಗು ಎಂದು ಬರೆದೆ. ನಾವು ಬಳಸುತ್ತಿದ್ದದ್ದು ಯಾವತ್ತೂ ಮಣ್ಣಿನ ಬಣ್ಣವೇ, ಆ ಮಾತು ಬೇರೆ.

ನಿನ್ನ ಉತ್ತರ ಎರಡು ಸಾಲು. 'ಅಕ್ಕ, ಈ ವರ್ಷ ಶಾಲೆಯಲ್ಲಿ ಪರೀಕ್ಷೆ. ಬಿಡುವಾಗುವುದಿಲ್ಲ, ತಪ್ಪು ತಿಳಿಯಬೇಡ.' ತಪ್ಪು ತಿಳಿಯಲಿಲ್ಲ ಕಣೇ. ಚಿತ್ರಕಲಾ ಶಾಲೆಯ ಮೇಷ್ಟರಮ್ಮ, ಪರೀಕ್ಷೆ ಬಿಟ್ಟು ಬರಲಾಗುತ್ತದೆಯೇ ಎಂದು ನಾನೇ ಗೊಣಗಣ್ಣನ ಬಾಯಿ ಮುಚ್ಚಿಸಿದೆ.

ಅದಾದ ಮೇಲೆ ಒಂದು ಬೆಳಿಗ್ಗೆ ಪೋಸ್ಟರಿನವನು ಬಂದ. ಲಾಯದ ಹೊರಗೋಡೆಗೆ ಅಂಟು ಬಳಿದು, ಕಾಗದ ಹಚ್ಚಿ, ಏಣಿಯ ಮೇಲಿಂದಲೇ ಕೂಗಿದ. "ಅಮ್ಮಾ, ಆ ಕೆಳಗಿನ ಮೂಲೆ ಸ್ವಲ್ಪ ಒತ್ತಿ ಹಿಡ್ಕೊಳ್ಳಿ, ಗಾಳಿಗೆ ಏಳ್ತಾ ಇದೆ." ಕೈಲಿದ್ದ ಬಕೆಟ್ಟು ಇಟ್ಟು ಹೋಗಿ ಒತ್ತಿ ಹಿಡಿದೆ. ಹಿಡಿದ ಮೇಲೆ ನೋಡುತ್ತೇನೆ, ನನ್ನ ಅಂಗೈ ಇರುವುದು ನಿನ್ನ ಗದ್ದದ ಮೇಲೆ. ಅಷ್ಟು ದೊಡ್ಡ ಮುಖ! ಹಿಂದೆ ಗುಂಡಮ್ಮ, ಹಳೆಯ ಯಾವುದೋ ವರ್ಷದ ಫೋಟೋ, ಬಲಮಗ್ಗುಲು. ಕೆಳಗೆ ದಪ್ಪಕ್ಷರದಲ್ಲಿ, ಅಲಂಕೃತ ಆನೆಗಳ ಸ್ಪರ್ಧೆಯ ತೀರ್ಪುಗಾರರು, ಆನೆಗೆ ಬಣ್ಣ ಬರೆಯುವ ಮನೆತನದ ಕೊನೆಯ ಕುಡಿ.

ಕೊನೆಯ ಕುಡಿ ಅಂತೆ. ಆ ಕೊನೆಯ ಕುಡಿಯ ಗದ್ದವನ್ನು ಅಂಟು ಒಣಗುವವರೆಗೂ ಒತ್ತಿ ಹಿಡಿದು ನಿಂತಿದ್ದೆ. "ಸಾಕಮ್ಮ, ಇನ್ನು ಬಿಡಿ" ಎಂದ ಪೋಸ್ಟರಿನವನು. ಬೀದಿಯವರೆಲ್ಲ ಬಂದು ನೋಡಿ "ಏನ್ರೀ, ನಿಮ್ಮ ತಂಗಿ ತೀರ್ಪುಗಾರರಂತೆ, ನಮಗೆ ಹೇಳ್ಲೇ ಇಲ್ಲ" ಅಂದರು. ನನಗೆ ಹೇಳಿದ್ದರೆ ತಾನೆ ನಾನು ಅವರಿಗೆ ಹೇಳಲಿ? ಆದರೂ ಮರ್ಯಾದೆ ಬಿಡಲಾಗುತ್ತದೆಯೇ, "ಹಬ್ಬದ ದಿನ ನಿಮಗೆಲ್ಲ ಗೊತ್ತಾಗ್ಲಿ ಅಂತ ಸುಮ್ನಿದ್ದೆ" ಎಂದು ಬಾಯಿಗೆ ಬಂದದ್ದು ಹೇಳಿ ಒಳಗೆ ಬಂದೆ.

ಒಂದು ಮಾತು ಹೇಳಲೇ? ಸಿಟ್ಟು ಬಂದದ್ದು ಆಮೇಲೆ. ಮೊದಲು ಬಂದದ್ದು ಸಂತೋಷವೇ. ತೀರ್ಪುಗಾರರು ಬಣ್ಣ ಬರೆಯುವ ಹಾಗಿಲ್ಲ, ಸರಿ. ಪರೀಕ್ಷೆಯ ಸುಳ್ಳನ್ನೂ ಬಿಡೋಣ. ಹೇಗೂ ಊರಿಗೆ ಬರುತ್ತಾಳಲ್ಲ, ಬಂದವಳು ಲಾಯಕ್ಕೆ ಬರದೆ ಇರುತ್ತಾಳೆಯೇ, ಒಂದು ಗಳಿಗೆ ಗುಂಡಮ್ಮನ ಬಲಕ್ಕೆ ನಿಂತರೂ ಸಾಕು ಎಂದುಕೊಂಡೆ. ನಿನ್ನ ಸ್ಟೂಲನ್ನು ತೊಳೆದು ಬಿಸಿಲಿಗೆ ಇಟ್ಟೆ. ನಗಬೇಡ.

ಮುಂದಿನದು ನಿನಗೆ ಗೊತ್ತಿರುವ ಸಂಗತಿಯೇ. ಕೊನೆಯ ಕುಡಿಗೆ ಮರೆತುಹೋಗಿದ್ದರೆ ಇರಲಿ ಎಂದು ಮತ್ತೆ ಬರೆಯುತ್ತಿದ್ದೇನೆ. ಅಪ್ಪ ನಮ್ಮಿಬ್ಬರನ್ನು ಆನೆಯ ಎರಡು ಮಗ್ಗುಲಿಗೆ ನಿಲ್ಲಿಸಿದರು. ನಾನು ಎಡಕ್ಕೆ, ನೀನು ಬಲಕ್ಕೆ. ನಡುವೆ ಗುಡ್ಡದ ಹಾಗೆ ಗುಂಡಮ್ಮ. ನಾನು ಬರೆಯುವುದು ನಿನಗೆ ಕಾಣುವುದಿಲ್ಲ, ನಿನ್ನದು ನನಗೆ ಕಾಣುವುದಿಲ್ಲ. ಎದುರಿನಿಂದ ನೋಡಿದರೆ ಎರಡೂ ಒಂದೇ ಸಮನಾಗಿರಬೇಕು. ಅದಕ್ಕೆ ಕೂಗುವುದು. "ಬಳ್ಳಿ ಕೆಳಕ್ಕೆ" ಎಂದು ನಾನು ಕೂಗಿದರೆ, ನೀನು ಬಳ್ಳಿ ಎಳೆದು "ಆಯ್ತು" ಅನ್ನಬೇಕು. "ಎಲೆ ಎರಡು." "ಆಯ್ತು." "ಮೊಗ್ಗು ಕಿವಿ ಕಡೆಗೆ." "ಆಯ್ತು." ನಿನ್ನ ಆಯ್ತು ಬರುವವರೆಗೂ ನನ್ನ ಕುಂಚ ಏಳುವ ಹಾಗಿಲ್ಲ. ಗುಂಡಮ್ಮನೂ ಅದನ್ನು ಕಲಿತುಬಿಟ್ಟಿದ್ದಳು. ಕೂಗು ಕೇಳಿದರೆ ಉಸಿರು ಬಿಗಿಹಿಡಿದು ಅಲ್ಲಾಡದೆ ನಿಲ್ಲುವಳು, ಬಲಗಡೆಯಿಂದ ಆಯ್ತು ಕೇಳಿದ ಮೇಲೆ ಬುಸ್ಸೆಂದು ಉಸಿರು ಬಿಟ್ಟು ಕಾಲು ಬದಲಿಸುವಳು. ನಾವಿಬ್ಬರೂ ಮುಖ ನೋಡಿಕೊಂಡು ಮಾತಾಡಿದ್ದಕ್ಕಿಂತ ಅವಳ ಆಚೆ ಈಚೆ ನಿಂತು ಮಾತಾಡಿದ್ದೇ ಹೆಚ್ಚು. ಅಮ್ಮ ತೀರಿಕೊಂಡ ವರ್ಷ ನೀನು ಅತ್ತದ್ದು ನನಗೆ ಆಚೆಯಿಂದಲೇ ಕೇಳಿಸಿತು. ನಿನ್ನ ಮದುವೆ ಗೊತ್ತಾಯಿತೆಂದು ಹೇಳಿದ್ದೂ ಎಲೆ ಎರಡಕ್ಕೂ ಮೊಗ್ಗಿಗೂ ನಡುವೆಯೇ.

ಮದುವೆಯಾಗಿ ದೂರ ಹೋದ ಮೇಲೂ ಹಬ್ಬದ ವಾರ ಬಂದು ಬರೆದು ಹೋಗುತ್ತಿದ್ದೆ, ಇಲ್ಲ ಅನ್ನುವುದಿಲ್ಲ. ಬಂದಾಗ ಜನವೆಲ್ಲ ನಿನ್ನನ್ನೇ ಮಾತಾಡಿಸುತ್ತಿದ್ದರು. ಅದಕ್ಕೂ ನನಗೆ ಹೊಟ್ಟೆಕಿಚ್ಚಿರಲಿಲ್ಲ. ಮೈದಾನದಲ್ಲಿ ಆನೆಗಳು ಹೋಗುವಾಗ ಗ್ಯಾಲರಿ ಇರುವುದು ಬಲಕ್ಕೆ, ಎಡಕ್ಕೆ ಇರುವುದು ಗೋದಾಮಿನ ಗೋಡೆ. ಬರೆದವರು ತಮ್ಮ ತಮ್ಮ ಮಗ್ಗುಲಲ್ಲೇ ನಡೆಯಬೇಕು. "ಚಿಕ್ಕವಳು ಜನ ಕಂಡ್ರೆ ನಗ್ತಾಳೆ, ದೊಡ್ಡವಳದು ಯಾವಾಗ್ಲೂ ಮುಖ ಗಂಟು, ಅವಳು ಗೋಡೆ ಕಡೆ ಇರ್ಲಿ" ಎಂದು ಅಪ್ಪ ನಗೆಯಾಡಿ ತೀರ್ಮಾನ ಮಾಡಿದ್ದರು. ಅಲ್ಲಿಂದ ಇಲ್ಲಿಯವರೆಗೆ ನನ್ನ ಬಳ್ಳಿ, ನನ್ನ ಎಲೆ, ನನ್ನ ಮೊಗ್ಗನ್ನೆಲ್ಲ ನೋಡಿದ್ದು ಗೋದಾಮಿನ ಗೋಡೆ. ಅದು ಒಂದು ದಿನವೂ ಚಪ್ಪಾಳೆ ತಟ್ಟಲಿಲ್ಲ, ಕುಂದು ಹೇಳಲೂ ಇಲ್ಲ.

ಸರಿ, ಈ ವರ್ಷದ ವಿಚಾರಕ್ಕೆ ಬರುತ್ತೇನೆ. ಹಬ್ಬದ ಹಿಂದಿನ ದಿನ ಬೆಳಿಗ್ಗೆ ಗುಂಡಮ್ಮನನ್ನು ತಿಕ್ಕಿ ತೊಳೆದು, ಒಣಗಿಸಿ, ಸೀಮೆಸುಣ್ಣದಲ್ಲಿ ಎಡಮಗ್ಗುಲು ಗೀಟು ಹಾಕಿದೆ. ಬಣ್ಣಕ್ಕೆ ಕೈ ಹಾಕಿ "ಬಳ್ಳಿ ಕೆಳಕ್ಕೆ" ಎಂದು ಅಭ್ಯಾಸಬಲದಿಂದ ಕೂಗಿಬಿಟ್ಟೆ. ಅದೇ ನಾನು ಮಾಡಿದ ಎಡವಟ್ಟು. ಸುಮ್ಮನೆ ಬರೆದಿದ್ದರೆ ಬರೆಸಿಕೊಳ್ಳುತ್ತಿದ್ದಳೋ ಏನೋ. ಕೂಗು ಕೇಳಿದ್ದೇ ತಡ, ಉಸಿರು ಹಿಡಿದು ನಿಂತಳು. ಬಲಗಡೆಯಿಂದ ಆಯ್ತು ಬರಲಿಲ್ಲ. ಇವಳು ಉಸಿರು ಬಿಡಲಿಲ್ಲ. ಕಿವಿ ಮಾತ್ರ ಬಲಕ್ಕೆ ಅರಳಿಸಿ ಕಾದಳು. ಕೊನೆಗೆ ನಾನೇ ಎಡದಿಂದ "ಆಯ್ತು ಕಣಮ್ಮ, ಆಯ್ತು" ಎಂದೆ. ತಲೆ ಒದರಿದ ರಭಸಕ್ಕೆ ನೀಲಿ ಡಬ್ಬಿ ನನ್ನ ಸೀರೆಯ ಮೇಲೆ.

ಗೊಣಗಣ್ಣ ತನ್ನ ಹೆಂಡತಿಯನ್ನು ಕರೆತಂದ. ಬಲಕ್ಕೆ ನಿಂತು ಪ್ರತಿ ಕೂಗಿಗೂ ಆಯ್ತು ಅನ್ನಬೇಕು, ಅಷ್ಟೇ ಕೆಲಸ. ಅವಳಿಗೆ ಒಲೆಯ ಮೇಲೆ ಅನ್ನ ಇಟ್ಟು ಬಂದ ಚಿಂತೆ. "ಆಯ್ತೂ..." ಎಂದು ಆಕಳಿಸುತ್ತಾ ರಾಗ ಎಳೆದಳು. ಗುಂಡಮ್ಮ ಸೊಂಡಿಲಲ್ಲಿ ಮಣ್ಣು ತುಂಬಿ ಅವಳ ಮೈಮೇಲೆ ಊದಿದಳು. "ನಿಮ್ಮ ಆನೆಗೊಂದು ದೊಡ್ಡ ನಮಸ್ಕಾರ, ನನ್ನ ಅನ್ನ ಸೀದ್ರೆ ಯಾರು ಕೊಡ್ತಾರೆ?" ಎಂದು ಆಕೆ ಮಣ್ಣು ಒದರಿಕೊಂಡು ಹೊರಟೇ ಹೋದಳು. ಗೊಣಗಣ್ಣ ನಗಲೂ ಆಗದೆ ಗೊಣಗಲೂ ಆಗದೆ ಒದ್ದಾಡಿದ. ಅವನು ಬಾಯಿ ಕಟ್ಟಿಕೊಂಡು ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹೇಗೋ ಪುಸಲಾಯಿಸಿ, ಕಬ್ಬು ಕೊಟ್ಟು, ಬಾಯಿ ಮುಚ್ಚಿಕೊಂಡು ಎಡಮಗ್ಗುಲು ಮುಗಿಸಿದೆ. ಚೆನ್ನಾಗಿಯೇ ಬಂತು ಕಣೇ, ಮಂಡಿನೋವಿನಲ್ಲೂ ಕೈ ನಡುಗಲಿಲ್ಲ. ಕಿವಿಯ ಒಳಮಡಿಕೆಯವರೆಗೂ ಬಳ್ಳಿ ತಂದೆ. ಆಮೇಲೆ ಸ್ಟೂಲು ಎತ್ತಿಕೊಂಡು ಬಲಕ್ಕೆ ಹೋದೆ. ನಾನು ಬಲಕ್ಕೆ ಬಂದರೆ ಅವಳು ತಿರುಗಿ ಎಡಮಗ್ಗುಲು ತೋರಿಸುವಳು. ಮತ್ತೆ ಸುತ್ತಿ ಬಲಕ್ಕೆ ಹೋದರೆ ಮತ್ತೆ ತಿರುಗುವಳು. ಸರಪಳಿ ಗೂಟಕ್ಕೆ ಸುತ್ತಿಕೊಂಡಿತು. ಅವಳಿಗೆ ಕೋಪವಿರಲಿಲ್ಲ. ನಿನ್ನ ಜಾಗ ಅದಲ್ಲ, ಆ ಕಡೆ ಹೋಗು ಎಂದು ಸೊಂಡಿಲಲ್ಲಿ ಮೆತ್ತಗೆ ತಳ್ಳುತ್ತಿದ್ದಳು. ಆನೆಗೆ ಗೊತ್ತಿದೆ ನನ್ನ ಜಾಗ ಯಾವುದೆಂದು.

ನೀನು ಅಷ್ಟು ಹೊತ್ತಿಗೆ ಊರಿಗೆ ಬಂದು ಅತಿಥಿಗೃಹದಲ್ಲಿ ಇಳಿದಿದ್ದೀಯ ಎಂದು ಬೀದಿಗೆಲ್ಲ ಗೊತ್ತು. ಗೊಣಗಣ್ಣನನ್ನು ಓಡಿಸಿದೆ. ತೀರ್ಪು ಗೀರ್ಪು ಏನೂ ಬೇಡ, ಬಣ್ಣ ಮುಟ್ಟುವುದೂ ಬೇಡ, ಬಲಕ್ಕೆ ನಿಂತು ನಾಲ್ಕು ಸಲ ಆಯ್ತು ಅಂದು ಹೋದರೆ ಸಾಕು, ಅಷ್ಟರಲ್ಲಿ ನಾನೇ ಬರೆದುಕೊಳ್ಳುತ್ತೇನೆ ಎಂದು ಹೇಳಿ ಕಳಿಸಿದೆ. ಅವನು ಸೈಕಲ್ಲು ತುಳಿದು ಹೋಗಿ, ಬೆವರು ಒರೆಸಿಕೊಳ್ಳುತ್ತಾ ವಾಪಸು ಬಂದ.

"ಮೇಡಂ ಮಲಗಿದಾರಂತೆ."

"ಯಾವ ಮೇಡಮ್ಮೋ?"

"ನಿಮ್ಮ ತಂಗೀನೇ. ಬಾಗಿಲಲ್ಲಿ ಇರೋನು ಒಳಗೆ ಹೋಗಿ ಕೇಳ್ಕೊಂಡು ಬಂದ. ಲಾಯದವರು ಯಾರೇ ಬಂದ್ರೂ ನಾಳೆ ಮೈದಾನದಲ್ಲೇ ನೋಡ್ತೀನಿ ಅಂದ್ರಂತೆ."

ಮಲಗಿದವಳು ಅಷ್ಟು ಉದ್ದದ ಮಾತು ಆಡಿದಳಲ್ಲ, ಪುಣ್ಯ.

ಮಾರನೆಯ ದಿನ ಗೊಣಗಣ್ಣ ಬೇಡವೇ ಬೇಡ ಅಂದ. "ಒಂದು ಕಡೆ ಬೋಳು ಇಟ್ಕೊಂಡು ಹೋದ್ರೆ ಜನ ಉಗೀತಾರೆ. ಹುಷಾರಿಲ್ಲ ಅಂತ ಹೇಳಿಬಿಡೋಣ." ನಾನು ಕೇಳಲಿಲ್ಲ. ಇದು ಅವಳ ಕೊನೆಯ ಮೆರವಣಿಗೆ ಎಂದೆ. ಅದು ಅರ್ಧ ನಿಜ. ಉಳಿದರ್ಧ ಅವನಿಗೆ ಹೇಳಲಿಲ್ಲ, ನಿನಗೆ ಹೇಳುತ್ತೇನೆ. ನೀನು ನೋಡಲಿ ಎಂದೇ ಕರೆತಂದೆ ಕಣೇ. ಬೋಳು ಕಿವಿ, ಬೋಳು ಕೆನ್ನೆ, ಬರೀ ಬೂದಿಬಣ್ಣದ ಚರ್ಮ, ಹಾಗೇ ನಿನ್ನೆದುರು ಹಾದುಹೋಗಲಿ. ಕುಂಚ ಎತ್ತಿ ಇಟ್ಟವರು ಯಾರೆಂದು ನಿನಗೆ ಗೊತ್ತಾಗಲಿ. ಇಷ್ಟೇ ನನ್ನ ಹಠ. ನಿನಗೆ ಮೊಂಡಿ ಎಂದು ಹೆಸರಿಟ್ಟವಳು ನಾನು, ಆದರೆ ಮನೆಯಲ್ಲಿ ಮೊಂಡುತನ ಒಬ್ಬಳಿಗೇ ಹಂಚಿರಲಿಲ್ಲ.

ಮೈದಾನ ತುಂಬಿತ್ತು. ಹಬ್ಬ ನಿಂತು ಮತ್ತೆ ಶುರುವಾದದ್ದಕ್ಕೋ ಏನೋ, ಗ್ಯಾಲರಿಯ ಮೇಲೂ ಜನ, ಕೆಳಗೂ ಜನ, ಕೈಯೆಲ್ಲ ಮೇಲೆ, ಕೈಯಲ್ಲೆಲ್ಲ ಫೋನು. ನಮ್ಮ ಮುಂದಿನ ಆನೆಗೆ ಬೆಳ್ಳಿಯ ಹಣೆಪಟ್ಟಿ, ಹಿಂದಿನದರ ಬೆನ್ನಿನ ಮೇಲೆ ಮಿಣಮಿಣ ಕನ್ನಡಿ ಹೊಲಿದ ಬಟ್ಟೆಯ ಜೂಲು. ನಾವು ಅಮ್ಮನ ಕಾಲದ ಕೆಂಪು ಜೂಲು ಹೊದಿಸಿದ್ದೆವು. ನಾನು ಎಂದಿನ ಹಾಗೆ ಎಡಕ್ಕೆ, ಗೋದಾಮಿನ ಗೋಡೆಗೆ ಅಂಟಿಕೊಂಡು ನಡೆಯುತ್ತಿದ್ದೆ. ನನಗೆ ಗ್ಯಾಲರಿ ಕಾಣಿಸುವುದಿಲ್ಲ, ಗ್ಯಾಲರಿಗೆ ನಾನು ಕಾಣಿಸುವುದಿಲ್ಲ. ಎಲ್ಲ ಬರೀ ಕಿವಿಯಲ್ಲಿ.

ಮೊದಲು ಚಪ್ಪಾಳೆ ನಿಂತಿತು. ಆಮೇಲೆ ಗುಸುಗುಸು. ಆಮೇಲೆ ಮೈಕಿನವನು. "ಇದೇನ್ರೀ ಇದು! ಈ ಆನೆ ಅರ್ಧ ಮೇಕಪ್ಪಲ್ಲೇ ಎದ್ದು ಬಂದುಬಿಟ್ಟಿದೆ!" ಇಡೀ ಮೈದಾನ ಘೊಳ್ಳೆಂದಿತು. ಗೊಣಗಣ್ಣ ಮೇಲೆ ಕೂತವನು ನನ್ನ ಕಡೆ ಬಗ್ಗಿ "ನೋಡಿದ್ರಾ, ನಾನು ಹೇಳ್ಲಿಲ್ವಾ" ಅಂದ. ಮೈಕಿನವನಿಗೆ ನಗು ಸಿಕ್ಕಿತಲ್ಲ, ಬಿಡುತ್ತಾನೆಯೇ? "ನಮ್ಮ ತೀರ್ಪುಗಾರರನ್ನೇ ಕೇಳಿಬಿಡೋಣ. ಮೇಡಂ, ಇದೇನಾದ್ರೂ ಹೊಸ ಶೈಲಿನಾ?"

ಆಗ ನಿನ್ನ ದನಿ ಕೇಳಿಸಿತು. ಅಷ್ಟು ವರ್ಷಗಳಾದ ಮೇಲೆ, ಎಂದಿನ ಹಾಗೆ, ಗುಂಡಮ್ಮನ ಆಚೆಯಿಂದ.

"ಶೈಲಿ ಏನಲ್ಲ. ಕೆಲಸ ಅರ್ಧಕ್ಕೇ ಬಿಟ್ಟಿದಾರೆ."

"ಯಾರ ಕೈಕೆಲಸ ಅಂತ ನೋಡಿದ ಕೂಡ್ಲೇ ಹೇಳ್ತೀರಂತೆ ನೀವು. ಇದು ಯಾರದು ಮೇಡಂ?"

"ಗೊತ್ತಿಲ್ಲ. ಇಲ್ಲಿಯವರು ಯಾರೋ ಇರ್ಬೇಕು."

ಇಷ್ಟನ್ನು ನಾನು ಗೋಡೆಯ ಕಡೆ ನಿಂತು ಕೇಳಿಸಿಕೊಂಡೆ. ಕೇಳಿಸಿಕೊಂಡವಳು ನಾನೊಬ್ಬಳೇ ಅಲ್ಲ. ಗುಂಡಮ್ಮ ನಿಂತುಬಿಟ್ಟಳು. ಬಲಗಿವಿ ಅರಳಿಸಿ, ತಲೆ ತಗ್ಗಿಸಿ, ಸೊಂಡಿಲನ್ನು ನೆಟ್ಟಗೆ ಇಳಿಬಿಟ್ಟು, ಬಣ್ಣ ಬರೆಸಿಕೊಳ್ಳಲು ನಿಲ್ಲುವ ಹಾಗೆ ಉಸಿರು ಹಿಡಿದು ನಿಂತಳು. ಬಂದೆಯಾ, ಬಾ, ಬರಿ ಎನ್ನುವ ಹಾಗೆ. ಗೊಣಗಣ್ಣ ಕಾಲಲ್ಲಿ ತಟ್ಟಿದ, ಗದರಿದ, ಬೇಡಿಕೊಂಡ. ಅವಳು ಕದಲಲಿಲ್ಲ. ಹಿಂದಿನ ಆನೆಗಳು ಒಂದಕ್ಕೊಂದು ಒತ್ತಿಕೊಂಡು ನಿಂತವು. ಸ್ವಯಂಸೇವಕರು ಪಿಳ್ಳಂಗೋವಿ ಊದಿದಂತೆ ಸೀಟಿ ಊದುತ್ತಿದ್ದರು. ಹಠ ಮಾಡುತ್ತಿದೆ, ಹುಚ್ಚು ಹಿಡಿದಿದೆ ಎಂದು ಜನ ಏನೇನೋ ಕೂಗುತ್ತಿದ್ದರು. ಅವಳು ಯಾಕೆ ನಿಂತಳೆಂದು ಆ ಇಡೀ ಮೈದಾನದಲ್ಲಿ ಗೊತ್ತಿದ್ದದ್ದು ಇಬ್ಬರಿಗೆ. ನನಗೆ ಮತ್ತು ನಿನಗೆ.

ನಾನು ನನ್ನ ಕಡೆಯಿಂದ ಕೂಗಿದೆ. ಗಂಟಲು ಕಿತ್ತುಬರುವ ಹಾಗೆ ಕೂಗಿದೆ. "ಎಲೆ ಎರಡು!"

ಮೈಕು ನಿನ್ನ ಕೈಯಲ್ಲಿತ್ತು. ನೀನು ಉಸಿರಾಡಿದ್ದು ಅದರಲ್ಲಿ ಕೇಳಿಸಿತು ಕಣೇ. ಅಕ್ಕಾ ಎಂದು ಕರೆಯಬೇಕಿರಲಿಲ್ಲ. ಕೆಳಗಿಳಿದು ಬರಬೇಕಿರಲಿಲ್ಲ. ಬಹುಮಾನವನ್ನು ಯಾರಿಗೆ ಬೇಕಾದರೂ ಕೊಡು. ಆಯ್ತು ಎಂಬ ಒಂದು ಮಾತು, ಅಷ್ಟೇ. ಅಂದಿದ್ದರೆ ಅವಳು ಬುಸ್ಸೆಂದು ಉಸಿರು ಬಿಟ್ಟು ಮುಂದೆ ನಡೆಯುತ್ತಿದ್ದಳು, ಜನಕ್ಕೆ ಏನೂ ತಿಳಿಯುತ್ತಿರಲಿಲ್ಲ, ನಿನ್ನ ಮಾನವೂ ಎಲ್ಲಿಗೂ ಹೋಗುತ್ತಿರಲಿಲ್ಲ. ನಾನು ಕಾದೆ. ಗುಂಡಮ್ಮ ಕಾದಳು. ಆಮೇಲೆ ನೀನು ಹೇಳಿದೆ. "ಸಮಯ ಆಗ್ತಿದೆ. ಯಾರಾದ್ರೂ ಆ ಆನೆನ ಮುಂದಕ್ಕೆ ಕರ್ಕೊಂಡು ಹೋಗಿ."

ಆ ಆನೆ.

ನಾನು ಸೊಂಡಿಲಿನ ಮುಂದಿನಿಂದ ಹಾದು ಬಲಕ್ಕೆ ಬಂದೆ. ಈ ಜನ್ಮದಲ್ಲಿ ಮೊದಲ ಸಲ ಮೆರವಣಿಗೆಯಲ್ಲಿ ಆ ಕಡೆ ನಿಂತೆ. ಬಿಸಿಲು ನೇರ ಮುಖಕ್ಕೆ ಬಂತು. ಅಷ್ಟು ಜನವನ್ನು ನೀನು ವರ್ಷವರ್ಷವೂ ಹೇಗೆ ನೋಡಿ ನಗುತ್ತಿದ್ದೆಯೋ, ನಾನು ಸೆರಗನ್ನು ಹಣೆಗೆ ಅಡ್ಡ ಹಿಡಿದೆ. ನೀನು ಮೇಲಿನ ಸಾಲಿನಲ್ಲಿ, ನಡುವಿನ ಕುರ್ಚಿಯಲ್ಲಿ ಕೂತಿದ್ದೆ. ನನ್ನ ಸೀರೆಯ ಮೇಲೆ ನೀಲಿ ಕಲೆ, ನಿನ್ನದು ಇಸ್ತ್ರಿ ಮುರಿಯದ ರೇಷ್ಮೆ. ನೋಡಿದೆ. ನೀನೂ ನೋಡಿದೆ, ಇಲ್ಲ ಅನ್ನಬೇಡ. ನೋಡಿ, ತಲೆ ಬಗ್ಗಿಸಿ, ಪಕ್ಕದವರ ಹತ್ತಿರ ಏನೋ ಕೇಳುವ ಹಾಗೆ ಮಾಡಿದೆ. ನಾನು ಗುಂಡಮ್ಮನ ಬೋಳು ಕೆನ್ನೆಗೆ ಕೈಯಿಟ್ಟು "ಆಯ್ತಮ್ಮ" ಎಂದೆ. ಹಿಂದಿನ ದಿನ ಬಲಗಡೆಗೆ ಸೇರಿಸದವಳು ಆವತ್ತು ನನ್ನನ್ನು ತಳ್ಳಲಿಲ್ಲ. ಅವಳಿಗೂ ಸಾಕಾಗಿತ್ತೋ ಏನೋ. ಉಸಿರು ಬಿಟ್ಟಳು, ಕಾಲು ಎತ್ತಿದಳು. ಉಳಿದ ದಾರಿಯಷ್ಟೂ ನಾನು ಬಲಕ್ಕೇ ನಡೆದೆ. ಜನ ನಗುತ್ತಿದ್ದರು. ನಗಲಿ ಎಂದು ಬಿಟ್ಟೆ.

ಬೆಳ್ಳಿಯ ಹಣೆಪಟ್ಟಿಯ ಆನೆಗೆ ಬಹುಮಾನ ಕೊಟ್ಟೆಯಂತೆ. ಒಳ್ಳೆಯದು. ಅವರೂ ಕಷ್ಟಪಟ್ಟಿದ್ದರು. ಸಮಿತಿಯ ಕಾರ್ಯದರ್ಶಿ ಆಮೇಲೆ ಲಾಯಕ್ಕೆ ಬಂದು, ಅರ್ಧಂಬರ್ಧ ಅಲಂಕಾರ ಮಾಡಿ ಹಬ್ಬದ ಮರ್ಯಾದೆ ತೆಗೆದಿರಿ, ಮುಂದಿನ ವರ್ಷದಿಂದ ಬಣ್ಣಕ್ಕೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ನಿಂತೇ ಹೇಳಿ ಹೋದ. ಗೊಣಗಣ್ಣ ಜಗಳಕ್ಕೆ ಹೋಗುತ್ತಿದ್ದ. ನಾನೇ ತಡೆದೆ. ಗುಂಡಮ್ಮ ಇನ್ನು ನಡೆಯುವುದಿಲ್ಲ, ನಾನು ಬೇರೆ ಆನೆಗೆ ಕೈ ಹಾಕುವುದಿಲ್ಲ, ಇಲ್ಲದ ಕೆಲಸಕ್ಕೆ ಜಗಳ ಯಾಕೆ?

ಬೈಗುಳ ಎಲ್ಲಿ ಎಂದು ನೀನು ಹುಡುಕುತ್ತಿರಬಹುದು. ನಾನೂ ಹುಡುಕಿದೆ. ಬರೆಯುತ್ತಾ ಬರೆಯುತ್ತಾ ಅದೂ ಆರಿಹೋಯಿತು. ನಿನ್ನ ಮನೆಯ ಸಂಕಟ ಏನಿದೆಯೋ ನನಗೆ ಗೊತ್ತಿಲ್ಲ. ದೊಡ್ಡ ಮನೆ, ಓದಿದ ಜನ, ಆನೆ ಲಾಯದ ಬೀದಿಯ ವಾಸನೆ ಅಲ್ಲಿಗೆ ಬರಬಾರದೇನೋ. ಒಂದು ಮಾತು ಹೇಳಿದ್ದರೆ ನಾನೇ ಅರ್ಥ ಮಾಡಿಕೊಂಡು ದೂರ ಇರುತ್ತಿದ್ದೆ. ದೂರ ಇರುವುದು ನನಗೇನು ಹೊಸದಲ್ಲ. ಆದರೆ ಗೊತ್ತಿಲ್ಲ ಅಂದೆಯಲ್ಲ, ಅದೂ ಮೈಕಿನಲ್ಲಿ, ಅದೂ ಅವಳೆದುರಿಗೆ. ಅದು ನನ್ನ ಹೊಟ್ಟೆಯಲ್ಲಿ ಹಾಗೇ ಕೂತಿದೆ.

ಇರಲಿ. ನಿನ್ನ ಯಜಮಾನರಿಗೆ ನನ್ನ ನಮಸ್ಕಾರ ಹೇಳು. ಹೇಳುವ ಹಾಗಿದ್ದರೆ ಮಾತ್ರ. ಮಗಳಿಗೆ ದೊಡ್ಡಮ್ಮನ ಆಶೀರ್ವಾದ. ಅವಳು ನೂರು ಕಾಲ ತಣ್ಣಗಿರಲಿ, ಎಲ್ಲಿ ನಿಂತರೂ ಎದುರಿಗೆ ಜನ ಇರಲಿ, ಗೋಡೆ ಬೇಡ. ನೀನು ಕಣ್ಣಿಗೆ ಕನ್ನಡಕ ಹಾಕಿಕೊಳ್ಳಲು ಶುರುಮಾಡಿದ್ದೀಯ ಎಂದು ಅಲ್ಲಿ ನೋಡಿದೆ. ರಾತ್ರಿ ಓದಬೇಡ. ಆರೋಗ್ಯ ನೋಡಿಕೋ.

ಇಂತಿ ನಿನ್ನ,
ಅಕ್ಕ

ತಾ. ಕ.: ಇದನ್ನು ಬರೆಯಬಾರದೆಂದೇ ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದ್ದೇನೆ. ಹಬ್ಬದ ದಿನ ಸಂಜೆ, ನೀನು ಬಹುಮಾನ ಹಂಚುತ್ತಿದ್ದ ಹೊತ್ತಿನಲ್ಲಿ, ಒಬ್ಬ ಹುಡುಗಿ ಲಾಯಕ್ಕೆ ಬಂದಳು. ಕೊರಳಲ್ಲಿ ಕ್ಯಾಮೆರಾ. ನಾನು ಗುಂಡಮ್ಮನ ಎಡಗಿವಿಯ ಬಣ್ಣ ತೊಳೆಯುತ್ತಿದ್ದೆ. "ಆಂಟಿ, ಒಂಚೂರು ಪಕ್ಕಕ್ಕೆ ಹೋಗ್ತೀರಾ? ಆನೆ ಮಾತ್ರ ಬರ್ಬೇಕು ಫೋಟೋದಲ್ಲಿ" ಅಂದಳು. ಪಕ್ಕಕ್ಕೆ ಹೋದೆ. ಹೋಗಿ ಅವಳ ಮುಖ ನೋಡಿದೆ. ಹುಬ್ಬು ನಮ್ಮಮ್ಮನದು ಕಣೇ, ಅಚ್ಚು ಹಾಕಿದ ಹಾಗಿದೆ. ಹುಟ್ಟಿದ ತಿಂಗಳಲ್ಲಿ ಆ ಮಗುವಿಗೆ ನಾನು ಈ ಕೈಯಲ್ಲೇ ನೀರು ಹಾಕಿದ್ದೆ.

ಫೋಟೋ ತೆಗೆದು, ನನ್ನ ಬಣ್ಣದ ಡಬ್ಬಿಗಳನ್ನು ನೋಡಿ ಕೇಳಿದಳು. "ಅಮ್ಮ ಇಲ್ಲಿಗೆ ಬರ್ತಿದ್ದಾಗ ಬಣ್ಣ ಕಲಸಿಕೊಡೋಕೆ ಒಬ್ರು ಇದ್ರಂತೆ. ಅದು ನೀವೇನಾ?" ನಾನು ಬಟ್ಟೆಯನ್ನು ಬಕೆಟ್ಟಿಗೆ ಅದ್ದಿ ಹಿಂಡಿದೆ. ಅವಳೇ ನಕ್ಕು, ನನ್ನ ಒದ್ದೆ ಕೈ ಹಿಡಿದುಕೊಂಡಳು. "ಅಮ್ಮ ನಿಮ್ಮನ್ನ ತುಂಬಾ ನೆನೀತಾರೆ ಆಂಟಿ. ಅವರಿಗೆ ಅಕ್ಕ ತಂಗಿ ಅಂತ ಯಾರೂ ಇಲ್ಲ ನೋಡಿ, ಅದಕ್ಕೇ ಇರ್ಬೇಕು."

ಕಾಗದವನ್ನೆಲ್ಲ ಮನೆಗೆ ಬೇಡ, ಶಾಲೆಯ ವಿಳಾಸಕ್ಕೇ ಹಾಕು ಎಂದು ನೀನು ಯಾಕೆ ಹೇಳಿದ್ದೆ ಎಂದು ಆಗ ಗೊತ್ತಾಯಿತು.

ಒಳ್ಳೆಯ ಹುಡುಗಿ. ಅವಳ ಮೇಲೆ ನನಗೆ ಏನೂ ಇಲ್ಲ. "ಹೌದು ಮಗಾ, ಬಣ್ಣ ಕಲಸ್ತಿದ್ದೆ" ಎಂದೆ. ನಿನ್ನ ಮಾತನ್ನು ನಾನು ಸುಳ್ಳು ಮಾಡಲಿಲ್ಲ, ಹೆದರಬೇಡ. ಹೊರಡುವಾಗ ಬಾಗಿಲಲ್ಲಿ ತಿರುಗಿ, "ಅಮ್ಮನಿಗೆ ಏನಾದ್ರೂ ಹೇಳ್ಬೇಕಾ?" ಎಂದು ಕೇಳಿದಳು.

ಏನೂ ಇಲ್ಲಮ್ಮ ಎಂದೆ.